ಹಳೇ ಪಾಕೀಟು, ಹಳೇ ಡಬ್ಬಿಯೊಳಗ ಟಪಾಲು ಕಳಿಸೂದು: ಯಾವುದು ನಡೀತೈತಿ, ಯಾವುದು ನಡ್ಯಾಂಗಿಲ್ಲ

ನವನಗರ ಓದುಗ (ಬಾಗಲಕೋಟೆ)
ನಮಸ್ಕಾರ ಎಲ್ಲಾರಿಗೂ. ನಮ್ಮ ಓದುಗರ ಬಳಗದಿಂದ ಪ್ರತಿ ತಿಂಗಳು ಪತ್ರ, ಸಣ್ಣ ಪತ್ರಿಕೆ, ಪುಸ್ತಕ ಹೊರಗ ಹೋಗ್ತಾವ. ಒಳಗ ಬರೂ ಪಾಕೀಟು, ಕೊರಿಯರ್ ಚೀಲ, ರಟ್ಟಿನ ಡಬ್ಬಿ ಎಲ್ಲಾ ರದ್ದಿಗೆ ಹೋಗೂದು ನೋಡಿದ್ರ ಜೀವಕ್ಕ ಸಮಾಧಾನ ಆಗಾಂಗಿಲ್ಲ. ಅವನ್ನ ಮತ್ತ ಬಳಸಿ ಕಳಿಸಬೇಕಂದ್ರ ಪದ್ಧತಶೀರ ಹೆಂಗ ಮಾಡಬೇಕು? ಪಾಕೀಟು ತಿರುವಿ ಅಂಟಿಸೂದು, ಹಳೇ ಲೇಬಲ್ ಮುಚ್ಚೂದು, ಡಬ್ಬಿ ಎಷ್ಟು ಭಾರ ತಡೀತೈತಿ, ಪೋಸ್ಟ್ ಆಫೀಸಿನ್ಯಾಗ ಯಾವುದಕ್ಕ ತಕರಾರು ಬರತೈತಿ, ಗೊತ್ತಿದ್ದವರು ವಿವರವಾಗಿ ಬರೀರಿ.

ಆವಕ ಜಾವಕ (ಬೆಳಗಾವಿ)
ಸರ್, ಮೊದಲು ಒಂದು ಮಾತು ಖಚಿತ ಮಾಡ್ಕೊಳ್ರಿ. ಹಳೇ ಪಾಕೀಟು ಅಂತ ಕೌಂಟರಿನ್ಯಾಗ ಯಾರೂ ಬ್ಯಾಡ ಅನ್ನಾಂಗಿಲ್ಲ. ತಕರಾರು ಬರೂದು ಹರಿದದ್ದಕ್ಕ, ಎರಡು ವಿಳಾಸ ಕಾಣೂದಕ್ಕ, ಬಾರ್‌ಕೋಡ್ ಚೀಟಿ ಅಂಟಲಾರದ ಜಿಡ್ಡು ಮೈಗೆ. ಸರ್ಕಾರಿ ಕಚೇರಿಗಳೊಳಗ ಬಂದ ಪಾಕೀಟಿನ ಮ್ಯಾಲೇ ಇಕಾನಮಿ ಸ್ಲಿಪ್, ಅಂದ್ರ ಹಳೇ ವಿಳಾಸ ಮುಚ್ಚೂ ಚೀಟಿ, ಹಚ್ಚಿ ಮತ್ತ ಕಳಿಸೂ ಪದ್ಧತಿ ಹಳೇದು.

ಹಳೇ ಪಾಕೀಟಿನ ಮ್ಯಾಲ ಅಳಿಸಬೇಕಾದ್ದು ಬರೇ "ಇವರಿಗೆ" ವಿಳಾಸ ಅಲ್ಲ. ಹಿಂದಿನ ಮುಚ್ಚಳದ ಮ್ಯಾಲ ಅಚ್ಚಾಗಿರೂ "ಇಂದ" ವಿಳಾಸ ಅದಕ್ಕಿಂತ ಕೆಟ್ಟದ್ದು. ಪಡೆಯೂವರು ಮನಿಯಾಗ ಇರಲಿಲ್ಲಂದ್ರ ಟಪಾಲು ವಾಪಸ್ ಹೋಗೂದು ಆ ವಿಳಾಸಕ್ಕ. ನಿಮ್ಮ ಪತ್ರ ಯಾವುದೋ ಬ್ಯಾಂಕಿನ ಆವಕ ವಿಭಾಗಕ್ಕ ಹೋಗಿ ಕೂತಿರತೈತಿ, ನಿಮಗ ಸುದ್ದಿನೇ ಇರಾಂಗಿಲ್ಲ. ಹಂಗಾಗಿ ಎರಡೂ ಮೈ ತಿರುವಿ ನೋಡಿ ವಿಳಾಸ, ಪಿನ್ ಕೋಡ್, ಹಳೇ ತಾರೀಖಿನ ಮುದ್ರೆ, ತಿಕೀಟಿನ ಬದಲು ಯಂತ್ರ ಒತ್ತಿದ ಫ್ರಾಂಕಿಂಗ್ ಅಚ್ಚು, "ಭಾರತ ಸರ್ಕಾರದ ಸೇವೆಯಲ್ಲಿ" ಅನ್ನೂ ಸಾಲು ಎಲ್ಲಾ ಮುಚ್ಚಬೇಕು. ಕೊನೇದು ಖಾಸಗಿ ಪತ್ರದ ಮ್ಯಾಲ ಕಾಣಲೇಬಾರದು. "ರಿಜಿಸ್ಟರ್ಡ್ ಎ.ಡಿ." ಅಂತ ಅಚ್ಚಾದ ಪಾಕೀಟು ಕಚೇರಿಗಳೊಳಗ ರಾಶಿ ಉಳಿದಾವ. ರಿಜಿಸ್ಟರ್ಡ್ ಪೋಸ್ಟ್ 2025ರೊಳಗ ಸ್ಪೀಡ್ ಪೋಸ್ಟಿನೊಳಗ ವಿಲೀನ ಆಗೈತಿ. ಆ ಅಕ್ಷರ ಹೊಡೆದು ಹಾಕಿ ಬಳಸ್ರಿ.

ಚೀಟಿ ಹಚ್ಚೂದು ಹಿಂಗ: 12 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಬಿಳಿ ಕಾಗದ, ಒಂದು ಮೈ ಅಚ್ಚಾಗಿದ್ರೂ ನಡೀತೈತಿ. ಬರೀ ನಾಲ್ಕು ಮೂಲಿಗೆ ಅಂಟು ಇಟ್ಟರ ನಡುವ ಉಬ್ಬಿ ಬೇರೆ ಟಪಾಲಿಗೆ ಸಿಕ್ಕು ಕಿತ್ತು ಬರತೈತಿ, ಒಳಗಿಂದ ಹಳೇ ವಿಳಾಸ ಹೊರಗ ಬೀಳತೈತಿ. ಅಂಚಿನ ತನಕ ತೆಳ್ಳಗ ಸವರಿ, ನಡುವಿಂದ ಅಂಚಿಗೆ ಒತ್ತಿ ಗಾಳಿ ತೆಗೀರಿ. ಹೊಸ ವಿಳಾಸ ಚೀಟಿ ಹಚ್ಚಿ ಒಣಗಿದ ಮ್ಯಾಲ ಬರೀರಿ, ಹಸಿ ಕಾಗದದ ಮ್ಯಾಲ ಜೆಲ್ ಪೆನ್ನು ಹರಡತೈತಿ.

ಕಿಟಕಿ ಇರೂ ಪಾಕೀಟು, ವಿಮೆ, ಬ್ಯಾಂಕಿನಿಂದ ಬರತಾವಲ್ಲ, ಅವನ್ನ ತಿರುವೂ ಗೋಜಿಗೆ ಹೋಗಬ್ಯಾಡ್ರಿ. ನಿಮ್ಮ ಪತ್ರದ ವಿಳಾಸ ಕಿಟಕಿಗೆ ಬರೂ ಹಂಗ ಮಡಚಿದ್ರ ಸಾಕು. ಆದ್ರ ಪತ್ರ ಒಳಗ ಜಾರಬಾರದು. ಅಲುಗಾಡಿಸಿದಾಗ ಪಿನ್ ಕೋಡಿನ ಒಂದು ಅಂಕಿ ಮರೆಯಾದ್ರೂ ಅದು ಬ್ಯಾಡ. ಮತ್ತ ಹಳೇ ಸ್ಟೇಪ್ಲರ್ ಪಿನ್ ಇದ್ದರ ಎಲ್ಲಾ ಕಿತ್ತು ತೆಗೀರಿ, ವಿಂಗಡಣೆ ಮಾಡೂವರ ಬೆರಳಿಗೆ ಚುಚ್ಚತಾವ.

ಬೈಂಡಿಂಗ್ ಮೇಜು (ಶಹಾಪುರ, ಬೆಳಗಾವಿ)
ಚೀಟಿ ಹಚ್ಚೂದು ಅವಸರಕ್ಕ ಸರಿ. ಪಾಕೀಟು ಒಳ ಮೈ ಹೊರಗ ಮಾಡಿ ಅಂಟಿಸಿದ್ರ ಮಾತ್ರ ಅದು ಹೊಸದರಂಗ ಆಗೂದು, ಹಳೇ ವಿಳಾಸ, ಮುದ್ರೆ, ಬಾರ್‌ಕೋಡ್ ಎಲ್ಲಾ ಒಮ್ಮೆಲೇ ಒಳಗ ಹೋಗಿಬಿಡತಾವ. ಕಂದು ಬಣ್ಣದ ಕ್ರಾಫ್ಟ್ ಪಾಕೀಟಿಗೆ ಇದು ಹೇಳಿ ಮಾಡಿಸಿದ್ದು. ಬಟ್ಟೆ ಒಳಪದರ ಇರೂದು, ಪ್ಲಾಸ್ಟಿಕ್ ಒಳಪದರ ಇರೂದು, ಮಿರುಗೂ ಲಗ್ನಪತ್ರಿಕೆ ಕವರ್, ಇವು ಬ್ಯಾಡ.

ಮೊದಲು ಪಾಕೀಟನ್ನ ಬೆಳಕಿಗೆ ಹಿಡಿದು ಜೋಡು, ಅಂದ್ರ ಕಾಗದ ಕೂಡಿಸಿ ಅಂಟಿಸಿದ ಜಾಗ, ಎಲ್ಲೆಲ್ಲಿ ಐತಿ ನೋಡ್ರಿ. ದೊಡ್ಡ ಕಂದು ಪಾಕೀಟಿಗೆ ಸಾಮಾನ್ಯವಾಗಿ ಹಿಂದ ನಡುವ ಉದ್ದಕ್ಕ ಒಂದು, ಕೆಳಗ ಅಡ್ಡ ಒಂದು. ಸಣ್ಣ ಪಾಕೀಟಿಗೆ ಎರಡು ಓರೆ ಜೋಡು. ಕಾರ್ಖಾನೆ ಅಂಟು ನೀರಿಗೆ ಕರಗೂ ಜಾತಿದಾಗಿದ್ರ ಹಬೆ ಸಾಕು. ಅಗಲ ಬಾಯಿಯ ಪಾತ್ರೆಯೊಳಗ ನೀರು ಕುದಿಸಿ, ಜೋಡನ್ನ 10 ಸೆಂ.ಮೀ. ಮ್ಯಾಲ 20ರಿಂದ 30 ಸೆಕೆಂಡ್ ಹಿಡೀರಿ. ಕುಕ್ಕರಿನ ಸೀಟಿ ತೂತಿನ ಹಬೆಗೆ ಹಿಡಿಯಬ್ಯಾಡ್ರಿ, ಕೈ ಸುಡತೈತಿ, ಕಾಗದಾನೂ ಒಂದೇ ಕಡೆ ನೆನದು ಬಿಡತೈತಿ. ಅಂಟದೇ ಉಳಿದ ಒಂದು ಮೂಲಿ ಇದ್ದೇ ಇರತೈತಿ. ಅಲ್ಲಿಂದ ಸ್ಟೀಲ್ ಪಟ್ಟಿ ತೂರಿಸಿ, ಜಗ್ಗದೇ ಕಾಗದಕ್ಕ ಸಮಾನಾಂತರವಾಗಿ ಸರಿಸಬೇಕು. ಜಗ್ಗಿದ್ರ ಮ್ಯಾಲಿನ ನಾರು ಎದ್ದು ಬರತೈತಿ, ಆ ಜಾಗದಾಗ ಮುಂದ ಅಂಟು ಹಿಡದರೂ ಕಾಗದ ಹರೀತೈತಿ.

ಬಿಡಿಸಿದ ಹಾಳೆಯನ್ನ ಎರಡು ರಟ್ಟಿನ ನಡುವ ಇಟ್ಟು ಭಾರ ಹೇರಿ ಒಣಗಿಸ್ರಿ. ಅವಸರ ಇದ್ದರ ನೀರು ಸಿಂಪಡಿಸದೇ ಸಣ್ಣ ಶಾಖದ ಇಸ್ತ್ರಿ. ಆಮೇಲೆ ತಿರುವಿ, ಹಳೇ ಮಡಿಕಿನ ಗುಂಟಾನೇ ಉಲ್ಟಾ ಮಡಚಬೇಕು. ಹೊಸ ಮಡಿಕಿ ಮಾಡಿದ್ರ ಒಂದಕ್ಕೊಂದು ಕೂಡಾಂಗಿಲ್ಲ. ಜೋಡಿನ ಮ್ಯಾಲ 8ರಿಂದ 10 ಮಿ.ಮೀ. ಅಗಲ ಅಂಟು, ಅಷ್ಟೇ. ಅಂಟು ಹೊರಗ ಸೂಸಿ ಪಾಕೀಟಿನ ಹೊಟ್ಟಿ ಒಳಗೊಳಗೇ ಹತ್ತಿಕೊಳ್ಳೂದು ಭಾಳ ಕಾಮನ್ ತಪ್ಪು. ಒಳಗ ಒಂದು ಪ್ಲಾಸ್ಟಿಕ್ ಪಟ್ಟಿ ಇಟ್ಟು ಅಂಟಿಸಿ, ಒಣಗಿದ ಮ್ಯಾಲ ಎಳೆದು ತೆಗೀರಿ. ಒಂದು ರಾತ್ರಿ ಭಾರದ ಕೆಳಗ.

ಅಂಟಿಗೆ 50 ಗ್ರಾಂ ಮೈದಾಕ್ಕ 250ರಿಂದ 300 ಮಿ.ಲೀ. ನೀರು. ಮೊದಲು ತಣ್ಣೀರಿನ್ಯಾಗ ಗಂಟಿಲ್ಲದಂಗ ಕಲಸಿ, ಸಣ್ಣ ಉರಿ ಮ್ಯಾಲ ತಿರುವುತ್ತಾ ಇರ್ರಿ. ಬಿಳಿ ಬಣ್ಣ ಹೋಗಿ ಗಾಜಿನಂಗ ಮಿನುಗಿದಾಗ ಇಳಿಸಬೇಕು. ಹಸಿ ಮೈದಾ ಉಳಿದ್ರ ಒಣಗಿದ ಮ್ಯಾಲ ಪುಡಿ ಪುಡಿ ಆಗಿ ಉದುರತೈತಿ. ಎರಡು ದಿನಕ್ಕ ಸಾಕಾಗೂವಷ್ಟೇ ಮಾಡ್ಕೊಳ್ರಿ. ಬೈಂಡಿಂಗ್ ಅಂಗಡಿಯೊಳಗ ಹುಳ ಬರಬಾರದಂತ ಮೈಲುತುತ್ತ ಹಾಕ್ತಾರ. ಅದು ವಿಷ, ಪಾಕೀಟಿನ ಅಂಚನ್ನ ನಾಲಿಗೆಗೆ ಹಚ್ಚೂ ರೂಢಿ ಇನ್ನೂ ಐತಿ, ಮನಿಯಾಗ ಮಾಡೂ ಅಂಟಿಗೆ ಅದನ್ನ ಹಾಕಲೇಬ್ಯಾಡ್ರಿ.

ಮಳೆನಾಡಂಚು (ಖಾನಾಪುರ)
ಅಣ್ಣಾರ, ಮೈದಾ ಅಂಟು ನಮ್ಮ ಕಡೆ ಜೂನ್ ಬಂತಂದ್ರ ನಡ್ಯಾಂಗಿಲ್ಲ. ಗಾಳಿಯೊಳಗಿನ ತೇವಕ್ಕೇ ಜೋಡು ಸಡಿಲ ಆಗತೈತಿ. ಟಪಾಲು ಚೀಲದಾಗ ಒಂದು ರಾತ್ರಿ ಕಳೆದ್ರ ಮುಚ್ಚಳ ಬಾಯಿ ತೆರೆದಿರತೈತಿ.

ಬೈಂಡಿಂಗ್ ಮೇಜು (ಶಹಾಪುರ, ಬೆಳಗಾವಿ)
ಖರೇ ಐತ್ರಿ. ಮಳೆಗಾಲಕ್ಕ ಬಿಳಿ ಫೆವಿಕಾಲ್ ಬಳಸ್ರಿ, ಮೂರು ಪಾಲು ಅಂಟಿಗೆ ಒಂದು ಪಾಲು ನೀರು. ಅದು ಒಣಗಿದ ಮ್ಯಾಲ ತೇವಕ್ಕ ಅಷ್ಟು ಬೇಗ ಬಿಡಾಂಗಿಲ್ಲ. ಆದ್ರ ಮುಂದಿನವರು ಅದೇ ಪಾಕೀಟನ್ನ ಮತ್ತ ಬಿಡಿಸೂದು ಕಷ್ಟ ಆಗತೈತಿ, ಅಷ್ಟು ನಷ್ಟ ಒಪ್ಕೋಬೇಕು. ಇನ್ನೊಂದು, ಕಾಗದದ ಅಂಚು ತೇವ ಹೀರಿದ್ರ ಸುರುಳಿ ಸುತ್ತಲಿಕ್ಕೆ ಹತ್ತತೈತಿ, ಅಂಟಿನ ಮ್ಯಾಲ ಜಗ್ಗಾಟ ಆಗೂದು ಅದಕ್ಕ. ಜೋಡಿನ ಅಗಲ ಮಳೆಗಾಲದಾಗ 15 ಮಿ.ಮೀ. ಮಾಡಿದ್ರ ಆ ಜಗ್ಗಾಟ ತಡೀತೈತಿ.

ಬನಹಟ್ಟಿ ನೂಲು (ರಬಕವಿ ಬನಹಟ್ಟಿ)
ಡಬ್ಬಿ ವಿಷಯಕ್ಕ ಬರೀತೀನಿ. ಮಗ್ಗದ ಊರೊಳಗ ನೂಲಿನ ಕೋನ್ ಬರೂ ರಟ್ಟಿನ ಪೆಟ್ಟಿಗಿ ಬೇಕಾದಷ್ಟು ಸಿಗತಾವ. ಒಳ್ಳೇ ಗಟ್ಟಿ ರಟ್ಟು, ಐದು ಪದರದ್ದು ಇರತೈತಿ. ಪದರ ಎಣಿಸೂದು ಸರಳ: ಅಂಚಿನ್ಯಾಗ ಒಂದು ಅಲೆ ಸಾಲು ಕಂಡ್ರ ಮೂರು ಪದರ, ಎರಡು ಅಲೆ ಸಾಲು ಕಂಡ್ರ ಐದು ಪದರ.

ಹಳೇ ಡಬ್ಬಿ ಗಟ್ಟಿ ಐತೋ ಇಲ್ಲೋ ಅಂತ ನೋಡೂದು ಹೆಬ್ಬೆರಳಿನಿಂದ. ಮೂಲಿಯಿಂದ ನಾಲ್ಕು ಬೆರಳು ಒಳಗ ಒತ್ತಿ ಬಿಡ್ರಿ. ಒತ್ತಿದ ಜಾಗ ವಾಪಸ್ ಎದ್ದು ಬಂದ್ರ ಅಲೆ ಇನ್ನೂ ಜೀವಂತ. ತಗ್ಗು ಹಂಗೇ ಉಳಿದ್ರ ಒಳಗಿನ ಅಲೆ ಚಪ್ಪಟೆ ಆಗೈತಿ, ಅದಕ್ಕ ಭಾರ ಹೊರೂ ಶಕ್ತಿ ಹೋಗೈತಿ. ಡಬ್ಬಿ ಮ್ಯಾಲ ಡಬ್ಬಿ ಹೇರಿದಾಗ ಭಾರದ ಬಹುಪಾಲು ಬೀಳೂದು ನಾಲ್ಕು ನಿಂತ ಮೂಲಿಗಳ ಮ್ಯಾಲ, ಹಂಗಾಗಿ ಮೂಲಿ ಕುಸಿದ ಡಬ್ಬಿ ಎಷ್ಟೇ ಚಂದ ಕಂಡ್ರೂ ಬಿಡ್ರಿ. ನೀರು ಕುಡಿದು ಒಣಗಿದ ಕಲೆ ಇದ್ದರೂ ಬಿಡ್ರಿ. ರಟ್ಟು ತೇವಕ್ಕ ಭಾಳ ಬೇಗ ಸೋಲತೈತಿ, ಗಾಳಿಯ ತೇವ ವಿಪರೀತ ಏರಿದ್ರ ಭಾರ ತಡೆಯೂ ಶಕ್ತಿ ಅರ್ಧದ ಹತ್ತಿರ ಇಳೀತೈತಿ. ಬಳಸಿದ ಮೂರು ಪದರದ ಡಬ್ಬಿಗೆ 3 ಕಿಲೋ, ಐದು ಪದರದ್ದಕ್ಕ 7ರಿಂದ 8 ಕಿಲೋ ದಾಟಿಸಬ್ಯಾಡ್ರಿ ಅನ್ನೂದು ನಮ್ಮ ಕಡೆ ರೂಢಿಯ ಲೆಕ್ಕ.

ಡಬ್ಬಿಯನ್ನೂ ಪಾಕೀಟಿನಂಗೇ ತಿರುವಬಹುದು. ನಿಂತ ಮೂಲಿಯೊಳಗ ಒಂದೇ ಕಡೆ ಜೋಡು ಇರತೈತಿ, ಅಂಟಿಸಿದ್ದು ಇಲ್ಲಾ ತಂತಿ ಪಿನ್ ಹೊಡೆದದ್ದು. ಪಿನ್ ಇದ್ದರ ಇಕ್ಕಳದಿಂದ ಕಾಲು ನೆಟ್ಟಗ ಮಾಡಿ ತೆಗೀರಿ. ಅಂಟಿದ್ರ ಅಗಲ ಚಾಕು ತೂರಿಸಿ ಕೆಳಗಿಂದ ಮ್ಯಾಲಕ್ಕ ಬಿಡಿಸ್ರಿ. ಬಿಡಿಸಿದ ರಟ್ಟನ್ನ ತಿರುವಿದಾಗ ಮಡಿಕಿ ಉಲ್ಟಾ ಮಡಚಬೇಕು. ಬಿಸಿಲಿಗೆ ಒಣಗಿ ಬಿರುಸಾದ ರಟ್ಟು ಈಗ ಸೀಳತೈತಿ. ಮಡಿಕಿ ಗುಂಟ ಒದ್ದಿ ಬಟ್ಟೆ ಒಂದು ಸಲ ಎಳೆದು, ಐದು ನಿಮಿಷ ಬಿಟ್ಟು, ಮರದ ಪಟ್ಟಿ ಇಟ್ಟು ಒಮ್ಮೆಲೇ ಮಡಚ್ರಿ. ಜೋಡಿಗೆ ಫೆವಿಕಾಲ್ ದಪ್ಪ ಹಚ್ಚಿ, ಬಟ್ಟೆ ಒಣಗಿಸೂ ಕ್ಲಿಪ್ ಆರೇಳು ಹಾಕಿ ಐದಾರು ತಾಸು ಬಿಡ್ರಿ.

ಟೇಪಿನ ವಿಷಯ ಬ್ಯಾರೇನೇ ಐತಿ. ಹಳೇ ಟೇಪನ್ನ ಕಿತ್ತು ತೆಗೀಬ್ಯಾಡ್ರಿ, ಅದು ರಟ್ಟಿನ ಮ್ಯಾಲಿನ ಕಾಗದಾನೂ ಕೂಡಿಸ್ಕೊಂಡು ಬರತೈತಿ. ಜೋಡಿನ ಸಂದಿಗೆ ಚಾಕು ಹಾಯಿಸಿ ಕೊಯ್ದು, ಅಂಚನ್ನ ಹಂಗೇ ಬಿಡ್ರಿ. ಆದ್ರ ಹಳೇ ಟೇಪಿನ ಮ್ಯಾಲೇ ಹೊಸ ಟೇಪು ಹಚ್ಚಿ ನಿಲ್ಲಿಸಿದ್ರ ಮೋಸ ಆಗತೈತಿ. ಟೇಪಿನ ಬೆನ್ನಿಗೆ ಅಂಟು ಹಿಡೀಬಾರದಂತಲೇ ಒಂದು ಜಾರು ಲೇಪ ಇರತೈತಿ, ಇಲ್ಲಾಂದ್ರ ರೋಲಿನಿಂದ ಬಿಚ್ಚಿ ಬರತಿರಲಿಲ್ಲ. ಹಂಗಾಗಿ ಹೊಸ ಟೇಪು ಹಳೇದರ ಅಂಚು ದಾಟಿ ಎರಡೂ ಕಡೆ ಕನಿಷ್ಠ 3 ಸೆಂ.ಮೀ. ಬರೀ ರಟ್ಟಿನ ಮ್ಯಾಲ ಕೂಡಬೇಕು. ಎರಡು ಇಂಚಿನ ಟೇಪಿಗೆ ಅಷ್ಟು ಅಗಲ ಇರಾಂಗಿಲ್ಲ, ಅಂಥಲ್ಲಿ ಪಕ್ಕಪಕ್ಕ ಎರಡು ಪಟ್ಟಿ ಹಾಕ್ರಿ. ನಡು ಜೋಡಿಗೆ ಒಂದು, ಎರಡು ತುದಿಗೆ ಅಡ್ಡ ಒಂದೊಂದು, ತುದಿಯಿಂದ 5ರಿಂದ 7 ಸೆಂ.ಮೀ. ಕೆಳಗ ಇಳೀಬೇಕು.

ಗೋಳಗುಮ್ಮಟ ಹಾದಿ (ವಿಜಯಪುರ)
ನಮ್ಮ ಕಡಿ ತೇವದ್ದು ಚಿಂತಿ ಇಲ್ಲರೀ, ಧೂಳು ಮತ್ತ ಬಿಸಿಲಿಂದು ಅದ. ರಟ್ಟಿನ ಮ್ಯಾಲ ಸಣ್ಣ ಮಣ್ಣು ಕೂತಿರತದ, ಕಣ್ಣಿಗೆ ಕಾಣಂಗಿಲ್ಲ. ಟೇಪು ಹಿಡಿಯೂದು ರಟ್ಟಿಗಲ್ಲ, ಆ ಮಣ್ಣಿಗೆ. ಹಚ್ಚೂ ಮೊದಲು ಒಣ ಅರಿವಿಯಿಂದ ತಿಕ್ಕಿ ಒರಸ್ರಿ, ಹಚ್ಚಿದ ಮ್ಯಾಲ ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜರಿ, ಈ ಅಂಟು ಒತ್ತಿದಷ್ಟೇ ಹಿಡಿತದ. ಏಪ್ರಿಲ್, ಮೇ ದಿನದಾಗ ಬಿಸಿಲಿಗೆ ನಿಂತ ಗಾಡಿಯೊಳಗ ಅಗ್ಗದ ಟೇಪಿನ ಅಂಟು ಮೆತ್ತಗಾಗಿ ಪಟ್ಟಿ ಪಟ್ಟಿನೇ ಜಾರತದ. ಹಂಗಾಗಿ ಭಾರದ ಡಬ್ಬಿಗೆ ಟೇಪಿನ ಮ್ಯಾಲ ಸುತಳಿ ಎರಡು ಸುತ್ತು, ಅಡ್ಡ ಒಂದು ಉದ್ದ ಒಂದು, ಕಟ್ಟಿದ್ರ ಬಾಯಿ ತೆರೆಯಂಗಿಲ್ಲ. ಸುತಳಿ ಗಂಟು ಲೇಬಲ್ ಮ್ಯಾಲ ಬರಬಾರದು.

ಒಣದ್ರಾಕ್ಷಿ ಡಬ್ಬಿ ನಮ್ಮಲ್ಲಿ ರಗಡ ಸಿಗತಾವ, ಎಲ್ಲಾರೂ ಅವನ್ನೇ ಬಳಸ್ತಾರ. ಒಳಗ ಪ್ಲಾಸ್ಟಿಕ್ ಹಾಳಿ ಹಾಕಿ ತುಂಬಿದ್ದು ಇದ್ದರ ನಡೀತದ. ಸಕ್ಕರಿ ಅಂಟು ಮೂಲಿಗೆ ಹತ್ತಿದ್ದು ಇದ್ದರ ಇರುವಿ, ಹುಳ ಬರತಾವ, ಪುಸ್ತಕಕ್ಕೂ ಸೀರಿಗೂ ಅದು ಬ್ಯಾಡ. ದ್ರಾಕ್ಷಿ ತ್ವಾಟದ ಔಷಧಿ ಬಂದ ಡಬ್ಬಿಯಂತೂ ಮುಟ್ಟಬ್ಯಾಡ್ರಿ. ವಾಸನಿ ಒಂದು, ಮ್ಯಾಲ ಅಚ್ಚಾದ ವಿಷದ ಗುರುತು ಇನ್ನೊಂದು. ವಿಮಾನದಾಗ ಹೋಗೂ ಪಾರ್ಸಲ್ ಆ ಗುರುತು ಕಂಡ ಕೂಡಲೇ ಪಕ್ಕಕ್ಕ ತೆಗೆದಿಡ್ತಾರ. ಬ್ಯಾಟರಿ ಗುರುತು, ಬೆಂಕಿ ಗುರುತು ಇದ್ದ ಡಬ್ಬಿನೂ ಹಂಗ.

ಮತ್ತೊಂದು. ಬಿಜಾಪುರ ಹೋಗಿ ವಿಜಯಪುರ ಆಗಿದ್ದು 2014ರ ನವೆಂಬರ್ 1ಕ್ಕ. ಹಳೇ ಹೆಸರು ಅಚ್ಚಾದ ಪಾಕೀಟು ಇನ್ನೂ ಅದಾವ. ಹೊಸ ಹೆಸರು ಬರೆದ್ರೂ ಗೊಂದಲ ಅದ, ದೇವನಹಳ್ಳಿ ತಾಲೂಕಿನ್ಯಾಗ ಇನ್ನೊಂದು ವಿಜಯಪುರ ಅದ. ಜಿಲ್ಲಾ ಹೆಸರು ಮತ್ತ 586ರಿಂದ ಸುರು ಆಗೂ ಪಿನ್ ಕೋಡ್ ಎರಡೂ ಢಾಳಾಗಿ ಬರೀರಿ. ಹಳೇ ಪಾಕೀಟಿನ ಮ್ಯಾಲ ಇದು ಇನ್ನೂ ಮಹತ್ವದ್ದು, ಯಾಕಂದ್ರ ಓದೂವರ ಕಣ್ಣು ಮೊದಲೇ ಗೊಂದಲದಾಗ ಇರತದ.

ನವನಗರ ಓದುಗ (ಬಾಗಲಕೋಟೆ)
ಭಾಳ ಉಪಯೋಗ ಆತು. ಒಂದು ಸಂಶಯ. ಕೊರಿಯರ್ ಡಬ್ಬಿ ಮ್ಯಾಲಿನ ಬಾರ್‌ಕೋಡ್ ಮಾರ್ಕರಿನಿಂದ ಗೀಚಿದ್ರ ಸಾಲದೇನ್ರಿ?

ಆವಕ ಜಾವಕ (ಬೆಳಗಾವಿ)
ಸಾಲಾಂಗಿಲ್ಲ. ಬಾರ್‌ಕೋಡಿಗೆ ಅಡ್ಡ ಒಂದು ಗೆರೆ ಎಳೆದ್ರ ಸ್ಕ್ಯಾನರ್ ಗೆರೆಯ ಮ್ಯಾಲಿಂದಲೋ ಕೆಳಗಿಂದಲೋ ಓದಿಬಿಡತೈತಿ. ಕೆಂಪು ಪೆನ್ನಂತೂ ನಿರುಪಯೋಗಿ, ಕೆಂಪು ಬೆಳಕಿನ ಸ್ಕ್ಯಾನರಿಗೆ ಆ ಶಾಯಿ ಕಾಣೂದೇ ಇಲ್ಲ. ಚೌಕದ ಕ್ಯೂಆರ್ ಕೋಡು ಇನ್ನೂ ಹಟಮಾರಿ. ಒಂದು ಭಾಗ ಹಾಳಾದ್ರೂ ಉಳಿದದ್ದರಿಂದ ಓದಿಸಿಕೊಳ್ಳೂ ಹಂಗ ಅದನ್ನ ಮಾಡಿರ್ತಾರ. ಸ್ಪೀಡ್ ಪೋಸ್ಟಿನ ಸಂಖ್ಯೆ 13 ಅಕ್ಷರದ್ದು, ಮೊದಲು ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನಿಗೆ ಐ.ಎನ್. ಒಂದು ಡಬ್ಬಿ ಮ್ಯಾಲ ಅಂಥವು ಎರಡು ಕಂಡ್ರ ಯಂತ್ರ ಯಾವುದನ್ನ ಮೊದಲು ಹಿಡೀತೈತೋ ಅದರ ಲೆಕ್ಕದಾಗ ಸಾಗತೈತಿ. ಹಳೇದನ್ನ ಹಿಡಿದ್ರ "ಈಗಾಗಲೇ ಬಟವಾಡೆ ಆಗೈತಿ" ಅಂತ ಬರತೈತಿ, ನಿಮ್ಮ ಡಬ್ಬಿ ಅಲ್ಲೇ ಕೂಡತೈತಿ. ದಪ್ಪ ಕಾಗದ ಪೂರಾ ಹಚ್ಚಿ ಮುಚ್ಚೂದೊಂದೇ ದಾರಿ, ಇಲ್ಲಾ ಡಬ್ಬಿ ತಿರುವೂದು. ಆರೂ ಮೈ ನೋಡ್ರಿ, ತಳಕ್ಕ ಅಂಟಿಸಿದ ಚೀಟಿನೇ ಮರೆಯೂದು ಜಾಸ್ತಿ.

ಇಳಕಲ್ ಸೆರಗು (ಇಳಕಲ್)
ಆವಕ ಜಾವಕ ಅಣ್ಣಾರು ಹೇಳಿದ್ದಕ್ಕ ಒಂದು ಸೇರಿಸ್ತೀನಿ. ಕೊರಿಯರ್ ಚೀಟಿ ಬಹುತೇಕ ಶಾಖಕ್ಕ ಕಪ್ಪಾಗೂ ಕಾಗದ, ಅಂಗಡಿ ಬಿಲ್ಲಿನಂಥದ್ದು. ಹೆಸರು, ಫೋನ್ ನಂಬರ್ ಎಲ್ಲಾ ಅದರ ಮ್ಯಾಲೇ ಇರತೈತಿ. ಸ್ಟೀಲ್ ಚಮಚದ ಬೆನ್ನಿನಿಂದ ಜೋರಾಗಿ ಉಜ್ಜಿದ್ರ ಕಪ್ಪಾಗಿ ಅಕ್ಷರ ಮುಳುಗತಾವ. ರಟ್ಟಿನ ಡಬ್ಬಿ ಮ್ಯಾಲ ಇದ್ದರ ಸಣ್ಣ ಶಾಖದ ಇಸ್ತ್ರಿ ಒಂದು ಸಲ ಇಟ್ಟು ತೆಗೆದ್ರ ಚೀಟಿ ಪೂರಾ ಕಪ್ಪು. ಪ್ಲಾಸ್ಟಿಕ್ ಚೀಲದ ಮ್ಯಾಲ ಇಸ್ತ್ರಿ ಇಡಬ್ಯಾಡ್ರಿ, ಚೀಲ ಕರಗತೈತಿ. ಕಪ್ಪು ಮಾಡಿದ ಮ್ಯಾಲೂ ಕಾಗದ ಹಚ್ಚೂದು ತಪ್ಪಸಬ್ಯಾಡ್ರಿ.

ಆ ಪ್ಲಾಸ್ಟಿಕ್ ಚೀಲ ಸೀರಿ ಕಳಿಸಲಿಕ್ಕೆ ಭಾಳ ಚಲೋ, ಅದರಾಗೂ ಮಳೆಗಾಲದಾಗ. ತೆರೆಯೂವಾಗಲೇ ಎಚ್ಚರ ಬೇಕು. ಅಂಟಿದ ಮುಚ್ಚಳ ಜಗ್ಗಿದ್ರ ಚೀಲ ಅಡ್ಡಾದಿಡ್ಡಿ ಹರೀತೈತಿ, ಮುಚ್ಚಳದ ಗುಂಟ ಕತ್ತರಿಯಿಂದ ನೆಟ್ಟಗ ಕತ್ತರಿಸ್ರಿ. ಹಬೆ ಹಿಡಿದ್ರೂ ಆ ಅಂಟು ಬಿಡಾಂಗಿಲ್ಲ, ಅದು ನೀರಿಗೆ ಕರಗೂ ಜಾತಿ ಅಲ್ಲ. ಚೀಲ ತಿರುವಿದ್ರ ಹಲವು ಚೀಲದ ಒಳ ಮೈ ಕಪ್ಪು ಇರತೈತಿ, ಹಳೇ ಚೀಟಿ ಪೂರಾ ಒಳಗ ಹೋಗತೈತಿ. ಕಪ್ಪಿನ ಮ್ಯಾಲ ಬರೆಯಲಿಕ್ಕೆ ಆಗಾಂಗಿಲ್ಲ, ವಿಳಾಸದ ಕಾಗದ ಇಟ್ಟು ನಾಲ್ಕೂ ಅಂಚಿಗೆ ಪಾರದರ್ಶಕ ಟೇಪು ಹಚ್ಚಿ, ಕೌಂಟರಿನವರ ಬಾರ್‌ಕೋಡಿಗೆ ಅಂಗೈ ಅಗಲ ಜಾಗ ಖಾಲಿ ಬಿಡ್ರಿ. ಬಾಯಿ 4 ಸೆಂ.ಮೀ. ಅಗಲ ಎರಡು ಸಲ ಮಡಚಿ, ಈ ತುದಿಯಿಂದ ಆ ತುದಿ ತನಕ ಟೇಪು.

ತಿರುವಿದ ಚೀಲದೊಳಗ ಹಳೇ ಚೀಟಿಯ ಅಂಟು ಸೀರಿಗೆ ತಾಗಬಾರದು. ಸೀರಿಯನ್ನ ಮೊದಲು ಹಳೇ ಮಲ್ ಬಟ್ಟೆ ಇಲ್ಲಾ ಅಚ್ಚಿಲ್ಲದ ಕಾಗದದಾಗ ಸುತ್ತಿ, ಆಮೇಲೆ ಚೀಲಕ್ಕ ಹಾಕ್ರಿ. ಸುದ್ದಿಪತ್ರಿಕೆ ಬ್ಯಾಡ್ರಿ. ಅದರ ಶಾಯಿ ತಿಕ್ಕಾಟಕ್ಕ ಬಿಡತೈತಿ, ಇಳಕಲ್ ಸೀರಿಯ ಟೋಪಿ ತೆನಿ ಸೆರಗಿನ ಬಿಳಿ ರೇಷ್ಮಿ ಮ್ಯಾಲ ಬೂದಿ ಬಣ್ಣದ ಗೆರೆ ಬಿದ್ದರ ತೊಳೆದ್ರೂ ಹೋಗಾಂಗಿಲ್ಲ. ಗುಳೇದಗುಡ್ಡದ ಖಣಕ್ಕೂ ಇದೇ ಮಾತು.

ಕರದಂಟು ಕಟ್ಟು (ಗೋಕಾಕ)
ತಿನಿಸಿನ ವಿಷಯ ಯಾರೂ ಬರೀಲಿಲ್ಲ. ಕರದಂಟು, ಕುಂದಾ ಕಳಿಸೂವಾಗ ಹೊರಗಿನ ಡಬ್ಬಿ ಹಳೇದು ಇದ್ದರ ಅಡ್ಡಿ ಇಲ್ಲ. ತಿನಿಸಿಗೆ ತಾಗೂದು ಮಾತ್ರ ಹೊಸದೇ ಇರಬೇಕು. ಸುದ್ದಿಪತ್ರಿಕೆಯೊಳಗ ತಿನಿಸು ಸುತ್ತಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರನೇ ಹೇಳೈತಿ. ಕರದಂಟಿನ ತುಪ್ಪ ಬಿಸಿಲಿಗೆ ಹೊರಗ ಬರತೈತಿ. ತುಪ್ಪ ಕುಡಿದ ರಟ್ಟಿಗೆ ಟೇಪು ಹಿಡಿಯಾಂಗಿಲ್ಲ, ಚೀಟಿ ಮ್ಯಾಲಿನ ಅಕ್ಷರ ಹರಡತಾವ. ತಿನಿಸಿನ ಡಬ್ಬಿಯನ್ನ ಒಂದು ಪ್ಲಾಸ್ಟಿಕ್ ಚೀಲದಾಗ ಬಿಗಿಯಾಗಿ ಕಟ್ಟಿ, ಆಮೇಲೆ ಹಳೇ ರಟ್ಟಿನ ಡಬ್ಬಿಗೆ ಇಳಿಸ್ರಿ. ಸೋಪು, ಅಗರಬತ್ತಿ, ಔಷಧಿ ಬಂದ ಡಬ್ಬಿ ಬ್ಯಾಡ, ತುಪ್ಪ ವಾಸನಿ ಹೀರತೈತಿ.

ಸಂದಿ ತುಂಬಲಿಕ್ಕೆ ಬಬಲ್ ಹಾಳಿ ಉಳಿದದ್ದಿದ್ರ ಉಬ್ಬು ಮೈ ವಸ್ತುವಿನ ಕಡೆ ಬರಲಿ. ಗುಳ್ಳಿ ಕಾಲುಭಾಗ ಒಡೆದಿದ್ರ ಎರಡು ಸುತ್ತಿನ ಬದಲು ಮೂರು ಸುತ್ತು. ಉಳಿದ ರಟ್ಟನ್ನ 2 ಸೆಂ.ಮೀ. ಪಟ್ಟಿ ಕತ್ತರಿಸಿ ಸುರುಳಿ ಸುತ್ತಿ ಮೂಲಿಗೆ ಸಿಗಿಸಿದ್ರ ಅದು ಬಬಲ್ ಹಾಳಿಗಿಂತ ಚಲೋ ತಡೀತೈತಿ. ಹುಲ್ಲು, ಜೋಳದ ರವದಿ ತುಂಬಬ್ಯಾಡ್ರಿ, ಧೂಳು, ಹುಳ ಎರಡೂ ಬರತಾವ. ತುಂಬಿದ ಮ್ಯಾಲ ಡಬ್ಬಿ ಕಿವಿಗೆ ಹಿಡಿದು ಅಲುಗಾಡಿಸ್ರಿ. ಸಪ್ಪಳ ಬಂದ್ರ ಇನ್ನೂ ತುಂಬಬೇಕು.

ತಿಕೀಟು ಸಂಗ್ರಹ (ಬೆಳಗಾವಿ)
ಅಂಚೆಚೀಟಿ ಬಗ್ಗೆ ಒಂದು ಮಾತು. ಮುದ್ರೆ ಸರಿಯಾಗಿ ಬೀಳದ ತಿಕೀಟು ಕಂಡರೆ ಅದನ್ನು ಬಿಡಿಸಿ ಮತ್ತೆ ಹಚ್ಚುವವರಿದ್ದಾರೆ. ಒಮ್ಮೆ ಟಪಾಲಿಗೆ ಬಳಸಿದ ತಿಕೀಟನ್ನು ಮತ್ತೆ ಬಳಸುವುದು, ಅದರ ಮೇಲಿನ ಮುದ್ರೆ ಅಳಿಸುವುದು ಎರಡೂ ಶಿಕ್ಷೆ ಆಗುವ ಅಪರಾಧ. ಪಾಕೀಟನ್ನು ಮರುಬಳಕೆ ಮಾಡಿ, ತಿಕೀಟನ್ನಲ್ಲ.

ಸಂಗ್ರಹಕ್ಕೆ ಬೇಕಾದರೆ ತಿಕೀಟಿನ ಸುತ್ತ 1 ಸೆಂ.ಮೀ. ಕಾಗದ ಬಿಟ್ಟು ಕತ್ತರಿಸಿ, ತಿಕೀಟಿನ ಅಂಚಿನ ಹಲ್ಲಿಗೆ ಕತ್ತರಿ ತಾಗಿಸಬೇಡಿ. ಹಾಗೆ ಕತ್ತರಿಸಿದರೆ ಪಾಕೀಟಿಗೆ ತೂತು ಬೀಳುತ್ತದೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನನ್ನ ಅಭಿಪ್ರಾಯ ಕೇಳಿದರೆ, ಸಾಮಾನ್ಯ ತಿಕೀಟಿದ್ದರೆ ಪಾಕೀಟು ತಿರುವಿಬಿಡಿ, ವಿಶೇಷ ತಿಕೀಟಿಗೆ ಊರಿನ ಮುದ್ರೆ ಸ್ಪಷ್ಟ ಬಿದ್ದಿದ್ದರೆ ಪಾಕೀಟನ್ನು ಇಡಿಯಾಗಿಯೇ ಉಳಿಸಿ. ತೂತು ಬಿದ್ದ ಪಾಕೀಟನ್ನು ಕತ್ತರಿಸಿ ಸಣ್ಣದು ಮಾಡಿದರೂ 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲಕ್ಕಿಂತ ಕಡಿಮೆ ಆಗಬಾರದು. ಅದಕ್ಕಿಂತ ಸಣ್ಣದು ವಿಂಗಡಣೆಯಲ್ಲಿ ದೊಡ್ಡ ಪಾಕೀಟುಗಳ ನಡುವೆ ಸಿಕ್ಕಿ ಕಳೆಯುತ್ತದೆ.

ಮೊದಲೇ ಲಗ್ನಪತ್ರಿಕೆ ಕವರ್ ಬೇಡ ಅಂದದ್ದು ಸರಿ. ಆ ಮಿರುಗು ಕಾಗದಕ್ಕೆ ತಿಕೀಟೂ ಹಿಡಿಯುವುದಿಲ್ಲ, ಮುದ್ರೆಯ ಶಾಯಿಯೂ ಒಣಗುವುದಿಲ್ಲ. ಜೊತೆಗೆ ಗಣಪತಿಯ ಚಿತ್ರ ಅಚ್ಚಾಗಿದ್ದರೆ ಅದರ ಮೇಲೆ ಚೀಟಿ ಹಚ್ಚಲು ಅನೇಕರಿಗೆ ಮನಸ್ಸು ಒಪ್ಪುವುದಿಲ್ಲ. ಒಳಗಿನ ದಪ್ಪ ಕಾರ್ಡನ್ನು ಫೋಟೋ ಕಳಿಸುವಾಗ ಮಡಚದಂತೆ ಬೆನ್ನಿಗಿಡಲು ಬಳಸಿ.

ನವನಗರ ಓದುಗ (ಬಾಗಲಕೋಟೆ)
ಚೀಟಿ, ಅಂಟು, ಪಟ್ಟಿ ಎಲ್ಲಾ ಸೇರಿ ತೂಕ ಏರಾಂಗಿಲ್ಲೇನ್ರಿ? ಖರ್ಚು ಉಳಿಸಲಿಕ್ಕೆ ಹೋಗಿ ತಿಕೀಟಿಗೇ ಜಾಸ್ತಿ ಆದ್ರ?

ಆವಕ ಜಾವಕ (ಬೆಳಗಾವಿ)
ಸಾದಾ ಟಪಾಲಿಗೆ ಲೆಕ್ಕ ಬಿಗಿ ಐತಿ. 20 ಗ್ರಾಂ ತನಕ 5 ರೂಪಾಯಿ, ಆಮೇಲೆ ಪ್ರತಿ 20 ಗ್ರಾಮಿಗೆ ಮತ್ತ 5. 80 ಜಿ.ಎಸ್.ಎಂ. (ಚದರ ಮೀಟರಿಗೆ 80 ಗ್ರಾಂ) ಎ4 ಹಾಳೆ ಒಂದು 5 ಗ್ರಾಂ ತೂಗತೈತಿ. ಉದ್ದ ಪಾಕೀಟು ಸುಮಾರು 5 ಗ್ರಾಂ. ಮೂರು ಹಾಳಿ ಹಾಕಿದ್ರ ಅಲ್ಲಿಗೇ 20. ಅದರ ಮ್ಯಾಲ 12 ಸೆಂ.ಮೀ. ಚೀಟಿ ಮುಕ್ಕಾಲು ಗ್ರಾಂ, ಅಂಟು ಬ್ಯಾರೆ, ಮಿತಿ ದಾಟಿತು. ತಿಕೀಟು ಕಡಿಮಿ ಬಿದ್ದರ ಕೊರತೆಯ ಎರಡು ಪಟ್ಟು ದುಡ್ಡು ಪಡೆಯೂವರ ಕಡೆಯಿಂದ ವಸೂಲಿ ಮಾಡ್ತಾರ, ಪತ್ರ ಬಂದವರಿಗೆ ಅದು ಮುಜುಗರ. 70 ಜಿ.ಎಸ್.ಎಂ. ಹಾಳಿ ಬಳಸಿದ್ರ ಒಂದಕ್ಕ 4.4 ಗ್ರಾಂ, ಮೂರು ಹಾಳಿ, ಪಾಕೀಟು, ಚೀಟಿ ಸೇರಿ 19ರ ಒಳಗ ಬರತೈತಿ. ಇಲ್ಲಾ ಚೀಟಿ ಬಿಟ್ಟು ಪಾಕೀಟು ತಿರುವ್ರಿ, ತೂಕ ಇದ್ದಷ್ಟೇ ಇರತೈತಿ.

ಸ್ಪೀಡ್ ಪೋಸ್ಟಿನ್ಯಾಗ ಮೆಟ್ಟಿಲು 50, 250, 500 ಗ್ರಾಂ. 2025ರ ಅಕ್ಟೋಬರ್ 1ರ ದರದಂಗ 200 ಕಿ.ಮೀ. ಒಳಗಿನ ಬ್ಯಾರೆ ಊರಿಗೆ 50 ಗ್ರಾಂ ತನಕ 47, ಅದನ್ನ ದಾಟಿದ್ರ 59, ತೆರಿಗೆ ಬ್ಯಾರೆ. 48 ಗ್ರಾಂ ಆಸುಪಾಸು ಇದ್ದರ ಸುತಳಿ, ಎರಡನೇ ಪದರ ಹಾಕೂ ಮೊದಲು ತೂಗಿ ನೋಡ್ರಿ.

ಬನಹಟ್ಟಿ ನೂಲು (ರಬಕವಿ ಬನಹಟ್ಟಿ)
ಡಬ್ಬಿಗೆ ತೂಕಕ್ಕಿಂತ ಗಾತ್ರ ದುಬಾರಿ. ಉದ್ದ, ಅಗಲ, ಎತ್ತರ ಸೆಂ.ಮೀ.ದಾಗ ಗುಣಿಸಿ 5000ರಿಂದ ಭಾಗಿಸಿದ್ದು ಖರೇ ತೂಕಕ್ಕಿಂತ ಜಾಸ್ತಿ ಬಂದ್ರ ಕೊರಿಯರಿನವರು ಅದನ್ನೇ ತೂಕ ಅಂತ ಹಿಡೀತಾರ. 40, 30, 20ರ ಡಬ್ಬಿಯೊಳಗ 2 ಕಿಲೋ ಸಾಮಾನು ಹಾಕಿದ್ರ 4.8 ಕಿಲೋದ ಬಿಲ್ಲು. ಅದೇ ಡಬ್ಬಿ ಎತ್ತರ 9ಕ್ಕ ಇಳಿಸಿದ್ರ 2.16.

ಇಳಿಸೂದು ಸರಳ. ಸಾಮಾನು ಒಳಗ ಇಟ್ಟು ಅದರ ಎತ್ತರ ಒಳಗಿನ ಗೋಡಿ ಮ್ಯಾಲ ಗುರುತು ಮಾಡಿ, ಒಂದು ಸೆಂ.ಮೀ. ಮ್ಯಾಲ ಗೆರೆ ಹಾಕ್ರಿ. ನಾಲ್ಕು ಮೂಲಿ ಮ್ಯಾಲಿಂದ ಆ ಗೆರೆ ತನಕ ಸೀಳ್ರಿ. ಶಾಯಿ ಮುಗಿದ ಬಾಲ್ ಪೆನ್ನನ್ನ ಪಟ್ಟಿ ಹಿಡಿದು ಗೆರೆ ಗುಂಟ ಎರಡು ಸಲ ಒತ್ತಿ ಎಳೀರಿ, ಕೊಯ್ಯಬಾರದು, ಅಲೆ ಕುಸೀಬೇಕಷ್ಟೇ. ಈಗ ಮಡಚಿದ್ರ ನೆಟ್ಟಗ ಮಡಚತೈತಿ. ಹೆಚ್ಚಾದ ರೆಕ್ಕಿ ಒಂದರ ಮ್ಯಾಲೊಂದು ಬಂದು ಮುಚ್ಚಳ ಇಮ್ಮಡಿ ಗಟ್ಟಿ ಆಗತೈತಿ, ಕತ್ತರಿಸಿ ಒಗೀಬ್ಯಾಡ್ರಿ.

ತಿಕೀಟು ಸಂಗ್ರಹ (ಬೆಳಗಾವಿ)
ಹಳೆಯ ಪಾಕೀಟು ಬಳಸಬಾರದ ಜಾಗವೂ ಇದೆ. ಟೆಂಡರ್, ಮೊಹರು ಮಾಡಿದ ಲಕೋಟೆ ಕೇಳಿದ ಅರ್ಜಿ, ವಕೀಲರ ನೋಟಿಸು, ಚೆಕ್, ಮೂಲ ಅಂಕಪಟ್ಟಿ. ತಿರುವಿ ಅಂಟಿಸಿದ ಜೋಡು ನೋಡಿದವರಿಗೆ ಯಾರೋ ದಾರಿಯಲ್ಲಿ ಬಿಚ್ಚಿದ್ದಾರೆಂಬ ಅನುಮಾನ ಬರುತ್ತದೆ, ಮುಂದೆ ವಾದಕ್ಕೆ ಅದೇ ಕಾರಣವಾಗುತ್ತದೆ. ಅಂಥದ್ದಕ್ಕೆ ಹೊಸ ಪಾಕೀಟೇ ಸರಿ.

ನವನಗರ ಓದುಗ (ಬಾಗಲಕೋಟೆ)
ಕೊನೇ ಪ್ರಶ್ನೆ. ಎರಡು ಮೂರು ಪುಸ್ತಕ ಕೂಡಿಸಿ ಕಳಿಸೂದಿದ್ರ ಹಳೇ ರಟ್ಟಿನೊಳಗ ಹೆಂಗ ಕಟ್ಟಬೇಕು? ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತ ಮ್ಯಾಲ ಯಾವುದರಾಗ ಕಳಿಸೂದು?

ಬೈಂಡಿಂಗ್ ಮೇಜು (ಶಹಾಪುರ, ಬೆಳಗಾವಿ)
2025ರ ಮೇ 1ರಿಂದ ಪುಸ್ತಕ ಕಳಿಸೂ ಅಂಚೆ ಸೇವೆ ಜ್ಞಾನ ಪೋಸ್ಟ್ ಐತಿ. 300 ಗ್ರಾಂ ತನಕ 20 ರೂಪಾಯಿ, 5 ಕಿಲೋಕ್ಕ 100, ತೆರಿಗೆ ಬ್ಯಾರೆ. ನೆಲದ ದಾರಿಯೊಳಗೇ ಹೋಗತೈತಿ, ಎಲ್ಲಿ ಐತಿ ಅಂತ ನೋಡಲಿಕ್ಕೂ ಬರತೈತಿ. ಪುಸ್ತಕದ ಮ್ಯಾಲ ಮುದ್ರಕರ ಇಲ್ಲಾ ಪ್ರಕಾಶಕರ ಹೆಸರು ಇರಬೇಕು. ದಾರಿ ನಿಧಾನ, ಕೈ ಬದಲಾಗೂದು ಜಾಸ್ತಿ, ಹಂಗಾಗಿ ಕಟ್ಟು ಗಟ್ಟಿ ಇರಲಿ.

ಪುಸ್ತಕ ಕೆಡೂದು ಮೂಲಿಯಿಂದ. ಗಾತ್ರ ಹೆಚ್ಚು ಕಡಿಮಿ ಇದ್ದರ ದೊಡ್ಡದು ಕೆಳಗ ಇಟ್ಟು, ಬೆನ್ನು ಒಂದು ಅತ್ತ ಒಂದು ಇತ್ತ ಮಾಡಿ ಜೋಡಿಸ್ರಿ, ಕಟ್ಟು ಸಪಾಟಾಗತೈತಿ. ತೆಳು ಪ್ಲಾಸ್ಟಿಕ್ ಚೀಲ ಒಂದು ಸುತ್ತು, ಅದು ಮಳೆಗೆ. ಹಳೇ ಡಬ್ಬಿಯ ಎರಡು ರಟ್ಟು ಪುಸ್ತಕಕ್ಕಿಂತ ನಾಲ್ಕೂ ಕಡೆ 2 ಸೆಂ.ಮೀ. ದೊಡ್ಡದು ಕತ್ತರಿಸಿ, ಒಂದರ ಅಲೆ ಉದ್ದಕ್ಕ, ಇನ್ನೊಂದರ ಅಲೆ ಅಡ್ಡಕ್ಕ ಬರೂ ಹಂಗ ಮ್ಯಾಲ ಕೆಳಗ ಇಡ್ರಿ, ಯಾವ ಕಡೆಯಿಂದಲೂ ಬಾಗಾಂಗಿಲ್ಲ. ಆ 2 ಸೆಂ.ಮೀ. ಅಂಚಿನ ಸಂದಿಗೆ ರಟ್ಟಿನ ಪಟ್ಟಿ ತುರುಕಿ, ಸುತ್ತ ಟೇಪು ಹಾಕಿ, ತಿರುವಿದ ಕ್ರಾಫ್ಟ್ ಕಾಗದ ಹೊದಿಸ್ರಿ. ಟೇಪು ಪುಸ್ತಕಕ್ಕ ತಾಗದೇ ರಟ್ಟಿನ ಮ್ಯಾಲೇ ಮುಗೀಬೇಕು. ವಿಳಾಸ ಬರೂ ಮೈಗೆ ಟೇಪು ಬ್ಯಾಡ, ಮುದ್ರೆ ಬೀಳೂ ಜಾಗ ಬರೀ ಕಾಗದ ಇರಲಿ. ನಿಮ್ಮೂರಿನವರಿಗೆ ಬರೆಯೂವಾಗ ಊರು 587101, ವಿದ್ಯಾಗಿರಿ 587102, ನವನಗರ 587103, ಮೂರೂ ಬ್ಯಾರೆ ಬ್ಯಾರೆ ಅನ್ನೂದು ಪಟ್ಟಿ ಮಾಡೂವಾಗಲೇ ನೋಡ್ಕೊಳ್ರಿ.